ಬಿಟ್ಟುಕೊಟ್ಟ ಸಣ್ಣ ಅಂಶ

ಲ್ಯಾಮಿನೇಷನ್ ಯಂತ್ರ ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ ಸುಡುವುದಕ್ಕೆ ಒಂದು ಕ್ಷಣ ಮೊದಲಿನ ವಾಸನೆ. ಯಲಹಂಕ ಉಪನಗರದಲ್ಲಿ ನಾನು ಮಾಮೂಲಾಗಿ ಹೋಗುವ ಜೆರಾಕ್ಸ್ ಅಂಗಡಿಯ ಮುಂದೆ ಮೊನ್ನೆ ಮಳೆಗೆ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ವಾರಕ್ಕೆ ಎರಡು ಸಲವಾದರೂ ಬಡಿಯುತ್ತದೆ, ಯಾಕೆಂದರೆ ಈಗ ಅದೇ ನನ್ನ ಹೊಟ್ಟೆಪಾಡು. ಖಾಸಗಿ ಶಾಲೆಗಳು ಗುಣಮಟ್ಟದ ಮಾನ್ಯತೆಗೆ ಅರ್ಜಿ ಹಾಕುವಾಗ ಅವುಗಳ ಕಡತ ಸಿದ್ಧಮಾಡಿಕೊಡುತ್ತೇನೆ. ಆದರೆ ಮೊನ್ನೆ ಮಳೆಯೂ ಇತ್ತು, ಜುಲೈ ತಿಂಗಳೂ ಆಗಿತ್ತು, ಚೀಲದಲ್ಲಿ ಹಳೆಯದೊಂದು ನೋಟ್‌ಬುಕ್ಕೂ ಇತ್ತು. ಹಾಗಾಗಿ ಮೂರು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಎದೆ ಭಾರವಾಯಿತು, ಕಣ್ಣು ತೇವವಾಯಿತು ಎಂದೆಲ್ಲ ಬರೆಯಬಹುದು. ಹಾಗೇನೂ ಆಗಲಿಲ್ಲ. ಅಂಗಡಿಯವನು ನನ್ನ ಹಾಳೆಗಳನ್ನು ಎಣಿಸುತ್ತಿದ್ದ, ನಾನು ನಿಂತಿದ್ದೆ.

ಆ ವರ್ಷ ನನಗೆ ಇಪ್ಪತ್ನಾಲ್ಕು. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಬಿಟ್ಟರೆ ಬೇರೇನನ್ನೂ ಮನಸ್ಸಿಟ್ಟು ಮಾಡಿದವಳಲ್ಲ. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಚೀಟಿ ಎತ್ತಿದ ಹದಿನೈದು ನಿಮಿಷಕ್ಕೆ ಅದೇ ನನ್ನ ಹುಟ್ಟುನಂಬಿಕೆ ಆಗಿಬಿಡುತ್ತಿತ್ತು. ಗೆದ್ದ ಕಪ್ಪುಗಳಲ್ಲಿ ಅತಿ ದೊಡ್ಡದರಲ್ಲಿ ಅಮ್ಮ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಡುತ್ತಾಳೆ. ಬಿ.ಎಡ್. ಮುಗಿಸಿ ತಣಿಸಂದ್ರದ ಮುಖ್ಯರಸ್ತೆಯಿಂದ ಒಳಕ್ಕಿರುವ ಒಂದು ಖಾಸಗಿ ಶಾಲೆಗೆ ಸಮಾಜ ವಿಜ್ಞಾನದ ಟೀಚರ್ ಆಗಿ ಸೇರಿದೆ. ಮಕ್ಕಳಿಗೆ ವಾದ ಮಾಡುವುದನ್ನೂ ಕಲಿಸಬೇಕು ಎಂಬುದು ಒಪ್ಪಂದ.

ಶಾಲೆ ಮುನಿರಾಜಪ್ಪ ಎಂಬವರದು. ಅವರ ತಂದೆಯ ರಾಗಿ ಹೊಲ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ. ಎದುರಿಗೆ, ಅವರ ದೊಡ್ಡಪ್ಪನ ಹೊಲ ಇದ್ದ ಜಾಗದಲ್ಲಿ, ಹದಿನೆಂಟು ಅಂತಸ್ತಿನ ಅಪಾರ್ಟ್‌ಮೆಂಟು. ಆ ಅಪಾರ್ಟ್‌ಮೆಂಟಿನ ಮಕ್ಕಳು ಹಳದಿ ಬಸ್ಸುಗಳಲ್ಲಿ ಕೂತು ನಮ್ಮ ಗೇಟು ದಾಟಿ, ಈಜುಕೊಳವಿರುವ ಬೇರೆ ಶಾಲೆಗಳಿಗೆ ಹೋಗುತ್ತಿದ್ದರು. ಜೂನ್ ಮೊದಲ ವಾರದ ಸಭೆಯಲ್ಲಿ ಮುನಿರಾಜಪ್ಪ ಎದ್ದು ನಿಂತರು.

"ನೋಡ್ರಮ್ಮಾ, ಇಂಗೇ ಇದ್ರೆ ಆಗಕಿಲ್ಲ. ಅಪಾರ್ಟ್‌ಮೆಂಟಿನೋರು ಬತ್ತಾರೆ, ಬೋರ್ಡು ನೋಡ್ತಾರೆ, ಮುದ್ರೆ ಇಲ್ಲ ಅಂತ ಗೇಟಿಂದ್ಲೇ ವಾಪ್ಸು. ಈ ವರ್ಷ ಅದೊಂದು ಮಾನ್ಯತೆ ತಗಂಡ್ಬುಡವಾ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸರ್ಕಾರದ ಮಾನ್ಯತೆ ನಮಗೆ ಇದ್ದೇ ಇತ್ತು. ಅದಿಲ್ಲದೆ ಶಾಲೆ ನಡೆಸುವಂತಿಲ್ಲ. ಕಟ್ಟಡ ಗಟ್ಟಿ ಇದೆಯೇ, ಬೆಂಕಿ ಆರಿಸುವ ಡಬ್ಬಿ ಇದೆಯೇ ಎಂದು ಅವರು ನೋಡುತ್ತಾರೆ. ಮುನಿರಾಜಪ್ಪ ಹೇಳುತ್ತಿದ್ದುದು ಬೇರೆ, ಶಾಲೆ ತಾನಾಗಿ ಕೇಳಿ ಪಡೆಯುವ ಗುಣಮಟ್ಟದ ಮುದ್ರೆ. ಮೊದಲು ಶಾಲೆ ತನ್ನ ಬಗ್ಗೆ ತಾನೇ ವರದಿ ಬರೆದುಕೊಳ್ಳಬೇಕು, ಒಂದೊಂದು ಮಾತಿಗೂ ಸಾಕ್ಷ್ಯ ಲಗತ್ತಿಸಬೇಕು. ಆಮೇಲೆ ಹೊರಗಿನ ತಂಡ ಬಂದು ಎರಡು ದಿನ ಇದ್ದು, ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡಿ ದರ್ಜೆ ಕೊಡುತ್ತದೆ.

ನಾನು ಕೈ ಎತ್ತಿದೆ. "ಸರ್, ಆ ಮುದ್ರೆಗೂ ಮಕ್ಕಳು ಕಲಿಯೋದಕ್ಕೂ ಏನ್ ಸಂಬಂಧ?"

"ಏನೂ ಇಲ್ಲ ಕಣಮ್ಮ. ಅದುಕ್ಕೇ ಬೇಕು. ಕಲಿಯಾದು ಗೇಟಿಂದ ಕಾಣಕಿಲ್ಲ, ಮುದ್ರೆ ಕಾಣ್ತದೆ." ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಇಷ್ಟು ಮಾತಾಡ್ತೀಯಲ್ಲ, ವರದಿ ನೀನೇ ಬರಿ."

ಹೀಗೆ ನನಗೆ ಬಂತು. ಪರವೋ ವಿರೋಧವೋ, ಚೀಟಿ ಬಂದಾಗಿತ್ತು.

ಆ ಮಳೆಗಾಲವೆಲ್ಲ ಕಡತದಲ್ಲೇ ಕಳೆಯಿತು. ಹೆಬ್ಬಾಳದ ಮೇಲ್ಸೇತುವೆ ಕೆಳಗೆ ನೀರು ನಿಂತು ಅರ್ಧ ಟೀಚರ್‌ಗಳು ತಡವಾಗಿ ಬರುತ್ತಿದ್ದರು. ತಡವಾಗಿ ಬಂದರೂ ಹಾಜರಿಯಲ್ಲಿ ಎಂಟೂವರೆ ಎಂದೇ ಬರೆಯುತ್ತಿದ್ದರು. ಪ್ರಾಂಶುಪಾಲೆ ವಾಸಂತಿ ಮೇಡಂ ಜಾಲಹಳ್ಳಿಯ ಒಂದು ಕಾರ್ಖಾನೆಯ ಶಾಲೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾಗಿ ಇಲ್ಲಿಗೆ ಬಂದವರು. ಅವರ ಗಂಡ ಅದೇ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಚೀಟಿ ಕಟ್ಟುವ ವಿಭಾಗದಲ್ಲಿದ್ದರಂತೆ. ಆ ಮನೆಯ ಮಾತೋ ಏನೋ, ಮೇಡಂ ದಿನಕ್ಕೊಮ್ಮೆ ಹೇಳುತ್ತಿದ್ದರು: "ಸಾಕ್ಷ್ಯ ಇಲ್ಲದ್ದು ನಡೆದಿಲ್ಲ, ಅಷ್ಟೇ."

ಈ ಮಾತು ನನಗೆ ಬಹಳ ಹಿಡಿಸಿತ್ತು. ವೇದಿಕೆಯ ಮೇಲೆ ನಾನೂ ಅದನ್ನೇ ಹೇಳುತ್ತಿದ್ದುದು.

ಶಾಲೆಯಲ್ಲಿ ಅಂಟಿಸುವ ಕೆಲಸ ಶುರುವಾಯಿತು. ನಲ್ಲಿಯ ಮೇಲೆ 'ನೀರು', ಕಸದ ಬುಟ್ಟಿಯ ಮೇಲೆ 'ಕಸ', ಮೆಟ್ಟಿಲಿಗೆ 'ಮೆಟ್ಟಿಲು'. ಎಲ್ಲವೂ ಲ್ಯಾಮಿನೇಟ್ ಆಗಿ ಬಂದವು. ಶಾಲೆಯ ಧ್ಯೇಯವಾಕ್ಯವನ್ನು ಮಕ್ಕಳಿಗೆಲ್ಲ ಉರು ಹೊಡೆಸಲಾಯಿತು. ಗೇಟಿನ ವಾಚ್‌ಮನ್ನೂ ಕಲಿತ, ನನಗೆ ನಮಸ್ಕಾರ ಹೇಳುವ ಬದಲು ಅದನ್ನೇ ಹೇಳುತ್ತಿದ್ದ. ಕನ್ನಡ ಮೇಷ್ಟ್ರು ಹಿಂದಿನ ಮೂರು ವರ್ಷಗಳ ಪೋಷಕರ ಸಭೆಯ ನಡಾವಳಿಯನ್ನು ಒಂದೇ ಮಧ್ಯಾಹ್ನ ಮೂರು ಬಣ್ಣದ ಪೆನ್ನುಗಳಲ್ಲಿ ಬರೆಯಲು ಕೂತಿದ್ದರು. ನಾನು ಬಿಡಲಿಲ್ಲ.

"ಗುರುಗಳೇ, ನಡೀದೇ ಇರೋ ಸಭೆಗೆ ನಡಾವಳಿ ಹೆಂಗೆ?"

"ನಡೀದೇ ಇದ್ರೇನಮ್ಮ, ನಡೆದಿದ್ರೆ ಇದೇ ಮಾತಾಡ್ತಿದ್ರು. ಫೀಸು ಕಡಿಮೆ ಮಾಡಿ ಅಂತ."

ನಡಾವಳಿ ಕಡತಕ್ಕೆ ಸೇರಲಿಲ್ಲ. ನನ್ನ ವರದಿಯಲ್ಲಿ ಸುಳ್ಳು ಒಂದೂ ಇರಬಾರದು ಎಂದು ನಿರ್ಧರಿಸಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ಆದದ್ದರಲ್ಲಿ ಸುಳ್ಳು ಎಲ್ಲೂ ಇರಲಿಲ್ಲ ಎಂಬುದು ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಜುಲೈ ಕೊನೆಗೆ ಶಾಲೆಯ ಪ್ರತಿಯೊಂದು ಕೋಣೆಯನ್ನೂ ನೋಡಿ ಪಟ್ಟಿ ಮಾಡಬೇಕಿತ್ತು. ನೆಲಮಹಡಿಯ ಮೆಟ್ಟಿಲ ಕೆಳಗೆ ಆಟದ ಚಾಪೆ ಇಡುವ ಸಣ್ಣ ಉಗ್ರಾಣವೊಂದಿತ್ತು. ತಳ್ಳಿದೆ, ತೆಗೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಬಡಿದೆ.

"ಯಾರು?"

"ನಾನು."

"ನಾನು ಅಂತ ಎಲ್ರೂ ಹೇಳ್ತಾರೆ. ಹೆಸರಿಲ್ವಾ?"

ಹೆಸರು ಹೇಳಿದ ಮೇಲೆ ಚಿಲಕ ಸರಿಯಿತು. ಬಾಗಿಲಲ್ಲಿ ನೂರಮ್ಮ. ನೂರ್‌ಜಹಾನ್ ಎಂಬ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ ಕೊನೆಗಿತ್ತು, ಹುದ್ದೆ ಆಯಾ. ಚಿಕ್ಕ ಮಕ್ಕಳನ್ನು ಶೌಚಕ್ಕೆ ಕರೆದೊಯ್ಯುವುದು, ಊಟದ ಡಬ್ಬಿ ತೆರೆದುಕೊಡುವುದು, ವರಾಂಡ ಒರೆಸುವುದು ಅವರ ಕೆಲಸ. ಒಳಗೆ ಒಂದು ಬಲ್ಬು, ರಬ್ಬರ್ ಚಾಪೆಗಳ ವಾಸನೆ, ಚಾಪೆಗಳ ಮೇಲೆ ಐದನೇ ತರಗತಿಯ ಚೈತ್ರಾ. ನನ್ನನ್ನು ಕಂಡ ಕೂಡಲೇ ಹುಡುಗಿ ತೊಡೆಯ ಮೇಲಿದ್ದ ಪುಸ್ತಕ ಮುಚ್ಚಿದಳು. ರಟ್ಟು ನೋಡಿದೆ, ಐದನೆಯ ಸಮಾಜ ವಿಜ್ಞಾನ. ನನ್ನದೇ ಪಾಠ. ತೆರೆದರೆ ಒಳಗೆ ಒಂದನೇ ತರಗತಿಯ ಕನ್ನಡ: ಬಸವ ಬಂದ, ಕಮಲ ನಗು.

ಚೈತ್ರಾ ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುವವಳು. ಬೋರ್ಡಿನಿಂದ ಮುದ್ದಾಗಿ ಬರೆದುಕೊಳ್ಳುತ್ತಿದ್ದಳು, ಯಾವತ್ತೂ ಗಲಾಟೆ ಇಲ್ಲ. ಅವಳಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಬೋರ್ಡಿನ ಒಂದೊಂದು ಅಕ್ಷರವನ್ನೂ ಚಿತ್ರದಂತೆ ನೋಡಿ ಬಿಡಿಸುತ್ತಿದ್ದಳು.

"ಮುಂದೆ ಓದು ಕಂದಾ. ಮೇಡಂ ನಮ್ಮೋರೇ," ಎಂದರು ನೂರಮ್ಮ. ಬೆರಳನ್ನು ಪದದ ಕೆಳಗಿಟ್ಟರು. ಅಷ್ಟರಲ್ಲಿ ಯಲಹಂಕದ ವಾಯುನೆಲೆ ಕಡೆಯಿಂದ ಜೆಟ್ ವಿಮಾನ ಹೋಯಿತು. ನಮ್ಮ ತರಗತಿಗಳಲ್ಲಿ ಜೆಟ್ ಹೋದರೆ ಪಾಠ ನಿಂತು ಗದ್ದಲ ಏಳುತ್ತದೆ. ಇಲ್ಲಿ ಬೆರಳು ಪದದ ಕೆಳಗೇ ನಿಂತಿತ್ತು, ಸದ್ದು ಪೂರ್ತಿ ಸಾಯುವವರೆಗೆ. ಆಮೇಲೆ ಮುಂದಿನ ಪದಕ್ಕೆ ಸರಿಯಿತು.

ಹುಡುಗಿ ಹೋದ ಮೇಲೆ ಕೇಳಿದೆ. ನೂರಮ್ಮ ಆರ್.ಟಿ. ನಗರದ ಹತ್ತಿರ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರು. ಹತ್ತನೆಯದರಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು. ಮನೆಯಲ್ಲಿ ದಖ್ನಿ, ಇಲ್ಲಿ ಕನ್ನಡ. ಹನ್ನೊಂದು ವರ್ಷದಿಂದ, ಊಟದ ಗಂಟೆಯ ಕೊನೆಯ ಇಪ್ಪತ್ತು ನಿಮಿಷ, ಓದಲು ಬಾರದೆ ಮೇಲಕ್ಕೆ ಹತ್ತಿಹೋದ ಮಕ್ಕಳನ್ನು ಒಬ್ಬೊಬ್ಬರಾಗಿ ಇಲ್ಲಿ ಕೂರಿಸಿಕೊಳ್ಳುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎಂದಿರಲಿಲ್ಲ.

"ಚಿಲಕ ಯಾಕೆ ನೂರಮ್ಮ?"

"ಗಂಡುಹುಡುಗ್ರು ಬಂದು ತಳ್ತಾವೆ. 'ಒಂದ್ನೇ ಕ್ಲಾಸೂ, ಒಂದ್ನೇ ಕ್ಲಾಸೂ' ಅಂತ ಕೂಗ್ತಾವೆ. ಒಂದ್ಸಲ ಕೂಗಿದ್ರೆ ಮುಗೀತು, ಆ ಮಗು ನಾಳೆಯಿಂದ ಈ ಕಡೆ ಮುಖಾನೇ ತಿರುಗ್ಸಲ್ಲ. ಹಂಗೆ ಮೂವರನ್ನ ಕಳ್ಕೊಂಡ್ಮೇಲೆ ಹಾಕ್ಸಿದ್ದು."

ಆಮೇಲೆ ನೋಟ್‌ಬುಕ್ ತೋರಿಸಿದರು. ಇನ್ನೂರು ಪುಟದ ಮಾಮೂಲಿ ನೋಟ್‌ಬುಕ್ಕು, ಹಾಲಿನ ಪ್ಯಾಕೆಟ್ಟಿನ ಕವರ್ ಹಾಕಿದ್ದು. ಒಂದೊಂದು ಸಾಲಿಗೆ ಒಂದು ತಾರೀಕು, ಮುಂದೆ ಒಂದು ಮಗುವಿನ ಹೆಸರು, ಮಗುವಿನ ಕೈಬರಹದಲ್ಲೇ. ಯಾವತ್ತೂ ನೋಡಿರದ ಒಂದು ಪುಟವನ್ನು ತಾನೇ ಕೊನೆಯವರೆಗೆ ಓದಿದ ದಿನ ಮಗು ಅದರಲ್ಲಿ ಹೆಸರು ಬರೆಯಬೇಕು. ಅಲ್ಲಿಯವರೆಗೆ ಆ ಪುಸ್ತಕ ಮುಟ್ಟುವಂತಿಲ್ಲ. ಇನ್ನೇನು ಬಂತು ಎನಿಸಿದಾಗ ನೂರಮ್ಮ ತಾರೀಕನ್ನು ಮುಂಚೆಯೇ ಬರೆದು ಮಗುವಿಗೆ ತೋರಿಸುತ್ತಿದ್ದರು, ಮದುವೆಗೆ ದಿನ ಗೊತ್ತುಮಾಡಿದಂತೆ. ನನ್ನ ಪಾಠದಲ್ಲಿ ಬುದ್ಧಿವಂತ ಹುಡುಗಿ ಎಂದು ನಾನು ತಿಳಿದಿದ್ದ ಹತ್ತನೇ ತರಗತಿಯವಳೊಬ್ಬಳ ಹೆಸರೂ ಅದರಲ್ಲಿತ್ತು.

ಅದೇ ವಾರ ನಾನು ಶಾಲೆಯ ಮಕ್ಕಳ ಸುರಕ್ಷತಾ ನೀತಿಯನ್ನು ಬರೆಯುತ್ತಿದ್ದೆ. ಅದು ಇಲ್ಲದೆ ಮುದ್ರೆ ಸಿಗುವುದಿಲ್ಲ. ನಾಲ್ಕಾರು ಶಾಲೆಗಳ ನೀತಿಗಳನ್ನು ಓದಿ, ಅವುಗಳಿಗಿಂತ ಗಟ್ಟಿಯಾಗಿ ಬರೆದೆ. ಒಂದು ವಾಕ್ಯ ಈಗಲೂ ಬಾಯಿಗೆ ಬರುತ್ತದೆ: 'ಹೊರಗಿನಿಂದ ಕಾಣದ ಯಾವುದೇ ಜಾಗದಲ್ಲಿ ವಯಸ್ಕರೊಬ್ಬರು ಮಗುವಿನೊಂದಿಗೆ ಒಂಟಿಯಾಗಿ ಇರತಕ್ಕದ್ದಲ್ಲ.' ಇದು ಸರಿಯಾದ ನಿಯಮ. ಯಾಕೆ ಸರಿ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಇವತ್ತು ಬರೆದರೂ ಒಂದಕ್ಷರ ಬದಲಿಸುವುದಿಲ್ಲ. ಆದರೆ ಬೆಳಿಗ್ಗೆ ಇದನ್ನು ಬರೆದು ಮಧ್ಯಾಹ್ನ ಮೆಟ್ಟಿಲ ಕೆಳಗಿನ ಕೋಣೆಯನ್ನು 'ಶಾಲೆಯ ಉತ್ತಮ ಪದ್ಧತಿ' ಎಂಬ ತಲೆಬರಹದಡಿ ಬರೆಯುವಾಗ ಎರಡಕ್ಕೂ ನಂಟಿದೆ ಎಂದು ನನಗೆ ಹೊಳೆಯಲಿಲ್ಲ. ಅವು ಬೇರೆ ಬೇರೆ ಕಡತಗಳಲ್ಲಿದ್ದವು.

ವಾಸಂತಿ ಮೇಡಂ ಒಪ್ಪಲಿಲ್ಲ. "ಬೇಡ ಕಣಮ್ಮ. ಆಯಾ ಪಾಠ ಮಾಡ್ತಾಳೆ ಅಂದ್ರೆ, ಟೀಚರ್‌ಗಳು ಏನ್ ಮಾಡ್ತಾರೆ ಅಂತ ಕೇಳಲ್ವಾ?"

"ಕೇಳ್ಲಿ ಮೇಡಂ. ಕೇಳೋಕೇ ತಾನೇ ಬರ್ತಿರೋದು? ಇಡೀ ಶಾಲೇಲಿ ನಿಜವಾಗ್ಲೂ ನಡೀತಿರೋದು ಅದೊಂದೇ. ಅದನ್ನ ಬಚ್ಚಿಟ್ಟು ನಲ್ಲಿ ಮೇಲೆ ನೀರು ಅಂತ ಅಂಟ್ಸಿರೋದನ್ನ ತೋರ್ಸೋದಾ? ಸಾಕ್ಷ್ಯ ಇಲ್ಲದ್ದು ನಡೆದಿಲ್ಲ ಅಂತ ನೀವೇ ಹೇಳ್ತೀರಿ. ಇಲ್ಲಿ ಸಾಕ್ಷ್ಯ ಇದೆ, ಹನ್ನೊಂದು ವರ್ಷದ್ದು."

ಇಪ್ಪತ್ತು ನಿಮಿಷದಲ್ಲಿ ಅವರು ಸೋತರು. ನೂರಮ್ಮನನ್ನೂ ಕೇಳಿದೆ. ಅವರು ವರಾಂಡ ಒರೆಸುತ್ತಿದ್ದರು. ನನ್ನ ವಾದ ಕೇಳಿ ಕೇಳಿ ಆಗಲೇ ನನಗೆ ವಕೀಲಮ್ಮ ಎಂದು ಹೆಸರಿಟ್ಟಿದ್ದರು.

"ಬೇಡ ವಕೀಲಮ್ಮ. ಯಾರ ಕಣ್ಣಿಗೂ ಬೀಳ್ದೆ ನಡೀತಿದೆ, ನಡೀಲಿ ಬಿಡಿ."

"ಕಣ್ಣಿಗೆ ಬಿದ್ರೆ ನಿಮ್ಗೊಂದು ಸರಿಯಾದ ರೂಮ್ ಕೊಡ್ತಾರೆ. ಟೈಮ್ ಕೊಡ್ತಾರೆ. ಇಪ್ಪತ್ತು ನಿಮಿಷ ಅಲ್ಲ, ಪೂರ್ತಿ ಪೀರಿಯಡ್ಡು."

ಒರೆಸುವ ಕೋಲಿಗೆ ಗಲ್ಲ ಊರಿ ಯೋಚಿಸಿದರು. ಅವರಿಗೆ ವಾದ ಮಾಡಿ ಅಭ್ಯಾಸವಿರಲಿಲ್ಲ. ಆಗಸ್ಟ್ ಕಳೆಯಿತು. ಸೆಪ್ಟೆಂಬರಿನಲ್ಲಿ ತಂಡ ಬರುವ ಹಿಂದಿನ ದಿನ, ಸೋಮವಾರ, ನೋಟ್‌ಬುಕ್ ನನ್ನ ಕೈಗಿತ್ತರು. "ಗುರುವಾರಕ್ಕೆ ವಾಪಸ್ ಬೇಕು. ಚೈತ್ರಾಗೆ ಡೇಟ್ ಹಾಕಿದೀನಿ."

ಕೊನೆಯ ಸಾಲಿನಲ್ಲಿ ಗುರುವಾರದ ತಾರೀಕು. ಮುಂದೆ ಖಾಲಿ.

ತಂಡದಲ್ಲಿ ಇಬ್ಬರಿದ್ದರು. ಲ್ಯಾಪ್‌ಟಾಪ್ ಹಿಡಿದ ಒಬ್ಬ ತರುಣ, ಮತ್ತು ಮುಖ್ಯಸ್ಥೆ, ಖಾದಿ ಸೀರೆ ಉಟ್ಟ, ಮೆತ್ತಗೆ ಮಾತಾಡುವ ನಿವೃತ್ತ ಪ್ರಾಂಶುಪಾಲೆ. ಅವರನ್ನು ದುಷ್ಟೆಯೆಂದು ಬರೆದರೆ ನನಗೆ ಅನುಕೂಲ, ಆದರೆ ಹಾಗಿರಲಿಲ್ಲ. ಧ್ಯೇಯವಾಕ್ಯ ಒಪ್ಪಿಸಲು ಬಂದ ಮಗುವನ್ನು ತಡೆದು, "ಅದು ಬೇಡ ಮರಿ, ನಿಂಗೆ ಯಾವ ಟೀಚರ್ ಇಷ್ಟ ಹೇಳು" ಎಂದರು. ಮಗು ವಾಚ್‌ಮನ್ ಹೆಸರು ಹೇಳಿತು. ಅವರು ಜೋರಾಗಿ ನಕ್ಕು ಬರೆದುಕೊಂಡರು.

ಮಂಗಳವಾರ ಮಧ್ಯಾಹ್ನ ಮೆಟ್ಟಿಲ ಕೆಳಗಿನ ಕೋಣೆಗೆ ಕರೆದೊಯ್ದೆ. ಬಡಿದೆ, ಚಿಲಕ ಸರಿಯಿತು. ಮುಖ್ಯಸ್ಥೆ ಬಗ್ಗಿ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಚೈತ್ರಾ ಮೊದಲು ಬಾಯಿ ಬಿಡಲಿಲ್ಲ. ನೂರಮ್ಮ ಪದದ ಕೆಳಗೆ ಬೆರಳಿಟ್ಟು ಸುಮ್ಮನೆ ಕಾದರು. ಎಷ್ಟೋ ಹೊತ್ತಾದ ಮೇಲೆ ಹುಡುಗಿ ಒಂದು ಸಾಲು ಓದಿದಳು, ಆಮೇಲೆ ಇನ್ನೊಂದು. ಹೊರಗೆ ಬಂದ ಮುಖ್ಯಸ್ಥೆ ಕನ್ನಡಕ ಒರೆಸಿಕೊಂಡರು. "ಇಷ್ಟು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ," ಎಂದರು. ಆಮೇಲೆ ತಿರುಗಿ ಬಾಗಿಲನ್ನೂ ಒಳಗಿನ ಚಿಲಕವನ್ನೂ ಬಹಳ ಹೊತ್ತು ನೋಡಿದರು. ನಾನು ಅವರ ಕನ್ನಡಕವನ್ನಷ್ಟೇ ನೋಡಿದ್ದೆ. ಗೆದ್ದೆವು ಎಂದುಕೊಂಡೆ.

ಬುಧವಾರ ಮಧ್ಯಾಹ್ನ ಸಮಾರೋಪ ಸಭೆ. ಮುನಿರಾಜಪ್ಪ, ವಾಸಂತಿ ಮೇಡಂ, ನಾನು. ಮುಖ್ಯಸ್ಥೆ ಹೇಳಿ ಕಳಿಸಿದ್ದರಿಂದ ನೂರಮ್ಮ ಬಂದು ಬಾಗಿಲ ಬಳಿ ನಿಂತರು. ಕೂರಿ ಎಂದರೂ ಕೂರಲಿಲ್ಲ. ಹೊರಗೆ ಮಳೆ. ಮುಖ್ಯಸ್ಥೆ ನಮ್ಮ ಸುರಕ್ಷತಾ ನೀತಿಯನ್ನು ತೆರೆದು ನನ್ನ ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು.

"ಚೆನ್ನಾಗಿದೆ. ಯಾರು ಬರೆದಿದ್ದು?"

"ನಾನು."

"ಹಾಗಾದ್ರೆ ಆ ಚಿಲಕ?"

ಚರ್ಚಾ ಸ್ಪರ್ಧೆಯಲ್ಲಿ ನಮಗೆ ಹೇಳಿಕೊಡುವ ಒಂದು ಪಟ್ಟು ಇದೆ. ಎದುರಾಳಿ ನಿಮ್ಮ ವಾದದಲ್ಲಿ ನಿಜವಾದ ತೂತೊಂದನ್ನು ತೋರಿಸಿದರೆ ಅದಕ್ಕೆ ಜೋತುಬೀಳಬೇಡಿ. ನಗುಮುಖದಿಂದ ಒಪ್ಪಿಕೊಂಡು ಮುಂದೆ ಹೋಗಿ. ಸಣ್ಣ ಅಂಶ ಬಿಟ್ಟುಕೊಟ್ಟವರನ್ನು ತೀರ್ಪುಗಾರರು ಪ್ರಾಮಾಣಿಕರು ಎಂದುಕೊಳ್ಳುತ್ತಾರೆ, ದೊಡ್ಡ ಅಂಶದಲ್ಲಿ ನಂಬುತ್ತಾರೆ. ಈ ಪಟ್ಟಿನಿಂದ ನಾನು ಗೆದ್ದ ಕಪ್ಪುಗಳಿಗೆ ಲೆಕ್ಕವಿಲ್ಲ.

"ಒಪ್ತೀನಿ ಮೇಡಂ. ಅದು ನಮ್ಮ ಲೋಪ. ಮೂವತ್ತು ದಿನದಲ್ಲಿ ಸರಿಪಡಿಸ್ತೀವಿ," ಎಂದೆ.

ಮುಖ್ಯಸ್ಥೆ ಪೆನ್ನು ಎತ್ತಿದರು, ಬರೆಯಲಿಲ್ಲ. ಕಾದರು. ನಾನು ಇನ್ನೇನಾದರೂ ಹೇಳಲಿ ಎಂದು ಕಾದರು ಎಂದೇ ಈಗ ನನಗನ್ನಿಸುತ್ತದೆ. ಹೇಳುವುದಕ್ಕೆ ಇತ್ತು. ಚಿಲಕ ಯಾಕೆ ಬಂತು ಎಂಬುದಿತ್ತು. ಬಾಗಿಲಿಗೊಂದು ಗಾಜು ಹಾಕಿಸಬಹುದಿತ್ತು, ಒಳಗೆ ಕೂತವರ ಬೆನ್ನು ಕಾಣುವಂತೆ, ಪುಸ್ತಕ ಕಾಣದಂತೆ. ಜೊತೆಗೊಬ್ಬ ಟೀಚರನ್ನು ಕೂರಿಸಬಹುದಿತ್ತು. ನೂರಮ್ಮನನ್ನು ತರಬೇತಿಗೆ ಕಳಿಸುತ್ತೇವೆ ಎನ್ನಬಹುದಿತ್ತು. ನಾಲ್ಕು ವಾಕ್ಯ. ನೂರಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಹಾಳೆ ತಿರುಗಿಸಿ ಮುಂದಿನ ಅಂಶಕ್ಕೆ ಹೋದೆ. ಪ್ರಯೋಗಾಲಯ, ಅದರಲ್ಲಿ ನಾವು ಬಲವಾಗಿದ್ದೆವು. ಪೆನ್ನು ಕೆಳಗಿಳಿದು ಬರೆಯಿತು.

ಗುರುವಾರ ಬೆಳಿಗ್ಗೆ ಬಡಗಿ ಬಂದು ಬಾಗಿಲು ಕಿತ್ತ. ಸರಿಪಡಿಸಿದ್ದಕ್ಕೆ ಸಾಕ್ಷ್ಯ ಬೇಕಲ್ಲ, ಫೋಟೊ ನಾನೇ ತೆಗೆದೆ. ಮೊದಲು, ನಂತರ.

"ಬಾಗ್ಲು ಓಯ್ತಲ್ಲ, ಇನ್ನೇನು? ಆಯಮ್ಮ ಕೂತ್ಕಂಡು ಏಳ್ಕೊಡ್ಲಿ ಬುಡಿ," ಎಂದರು ಮುನಿರಾಜಪ್ಪ. ಅವರು ಹಾಗೆಂದದ್ದು ನಿಜ. ಆ ಮಧ್ಯಾಹ್ನ ನೂರಮ್ಮ ಕೂತರು ಕೂಡ, ಬಲ್ಬಿನ ಕೆಳಗೆ, ಬಾಗಿಲಿಲ್ಲದ ಕೋಣೆಯಲ್ಲಿ. ಊಟದ ಗಂಟೆಯಲ್ಲಿ ಇಡೀ ಶಾಲೆ ಆ ಮೆಟ್ಟಿಲು ಇಳಿಯುತ್ತದೆ. ಚೈತ್ರಾ ಗೆಳತಿಯರ ಜೊತೆ ಇಳಿದಳು. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ಮುಂದೆ ಹೋದಳು. ನಾನು ಮೇಲಿನ ಮೆಟ್ಟಿಲಲ್ಲಿದ್ದೆ. ನೋಟ್‌ಬುಕ್ ನನ್ನ ಸಾಕ್ಷ್ಯದ ಪೆಟ್ಟಿಗೆಯಲ್ಲಿತ್ತು. ವರದಿ ಬರುವವರೆಗೆ ಮೂಲಪ್ರತಿಗಳು ಅಲ್ಲೇ ಇರಬೇಕು ಎಂದು ತಂಡದ ತರುಣ ಹೇಳಿಹೋಗಿದ್ದ.

ಎರಡು ವಾರಕ್ಕೆ ವರದಿ ಬಂತು. ಮೇಲಿನಿಂದ ಎರಡನೇ ದರ್ಜೆ. ಒಂದೇ ಒಂದು ಷರತ್ತು: ಮೆಟ್ಟಿಲ ಕೆಳಗಿನ ಓದಿನ ಕೆಲಸ ಬಹಳ ಮೌಲ್ಯದ್ದು, ಅದನ್ನು ಮುಂದುವರಿಸಬೇಕು, ಆದರೆ ಅರ್ಹತೆ ಪಡೆದವರಿಂದ ಮಾತ್ರ. ನೂರಮ್ಮನ ಕೆಲಸಕ್ಕೆ ಅಷ್ಟು ಒಳ್ಳೆಯ ಮಾತು ಬೇರೆ ಯಾರೂ ಬರೆದಿರಲಾರರು. ವಾಸಂತಿ ಮೇಡಂ ಷರತ್ತನ್ನು ಮೂರು ಸಲ ಓದಿ, ಹೆದರಿ, ನೂರಮ್ಮನಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಬೇಕು ಎಂದರು. ಬರೆಯುವವಳು ನಾನೇ.

ನೂರಮ್ಮ ಆಫೀಸಿಗೆ ಬಂದು, ಹಾಳೆಯನ್ನು ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದರು. "ನನ್ನ ಹುದ್ದೆಯ ವ್ಯಾಪ್ತಿಯನ್ನು ಮೀರಿ ಯಾವುದೇ ವಿದ್ಯಾರ್ಥಿಗೆ ಬೋಧನೆ ಮಾಡುವುದಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ." ಒಂದು ಕಡೆಯೂ ತಡವರಿಸಲಿಲ್ಲ. ಆ ಶಾಲೆಯಲ್ಲಿ ಅಷ್ಟು ಚೆನ್ನಾಗಿ ಕನ್ನಡ ಓದಿದ್ದನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ. ರುಜು ಹಾಕಿದರು. "ಚೆನ್ನಾಗಿ ಬರೀತೀರ ವಕೀಲಮ್ಮ," ಎಂದರು. ಕುಹಕ ಇರಲಿಲ್ಲ.

ನನಗೆ ಏನನ್ನಿಸಿತು ಎಂದು ಯಾರಾದರೂ ಕೇಳಬಹುದು. ಸ್ಟೇಪ್ಲರ್ ಪಿನ್ನು ಮುಗಿದಿದೆ ಎನ್ನಿಸಿತು. ಪಿನ್ನು ತಂದು, ಹೊಡೆದು, ಕಡತಕ್ಕೆ ಸೇರಿಸಿದೆ.

ದಸರಾ ರಜೆಗೆ ಹೋದ ನೂರಮ್ಮ ಮತ್ತೆ ಬರಲಿಲ್ಲ. ಮುದ್ರೆ ಬೋರ್ಡಿನ ಮೇಲೆ ಬಂತು, ಮುಖ್ಯರಸ್ತೆಯಲ್ಲೊಂದು ಫ್ಲೆಕ್ಸೂ ಬಂತು. ನವೆಂಬರಿಗೆ ಪದವಿ ಪಡೆದ ಒಬ್ಬ ತರಬೇತುದಾರೆ ವಾರಕ್ಕೆರಡು ದಿನ ಬರತೊಡಗಿದಳು. ಒಳ್ಳೆಯ ಹುಡುಗಿ, ಪಾಪ, ಒಮ್ಮೆಗೆ ಹದಿನಾಲ್ಕು ಮಕ್ಕಳು. ವರ್ಷದ ಕೊನೆಗೆ ಆಕೆ ಕೊಟ್ಟ ಓದಿನ ವರದಿಯಲ್ಲಿ ಚೈತ್ರಾಳ ಹೆಸರಿನ ಮುಂದೆ 'ಹಂತ ಎರಡು' ಎಂದಿತ್ತು. ಏಪ್ರಿಲಿನಲ್ಲಿ, ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವ ಅವಳ ಅಪ್ಪ ಬಂದು ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು. ಮರುವರ್ಷ ನಾನೂ ಬಿಟ್ಟೆ. ಕಡತ ಚೆನ್ನಾಗಿ ಮಾಡುತ್ತಾಳೆ ಎಂದು ಹೆಸರಾಗಿತ್ತು, ಬೇರೆ ಶಾಲೆಗಳು ಕರೆಯುತ್ತಿದ್ದವು. ಪೆಟ್ಟಿಗೆ ಖಾಲಿ ಮಾಡುವಾಗ ನೋಟ್‌ಬುಕ್ ಸಿಕ್ಕಿತು. ವಾಪಸ್ ಕೊಡುತ್ತೇನೆ ಎಂದುಕೊಂಡೆ. ಅಂದುಕೊಂಡೇ ಎಷ್ಟೋ ತಿಂಗಳು ಕಳೆಯಿತು.

ಕೊನೆಗೆ ಹೋದ ನವೆಂಬರಿನ ಒಂದು ಭಾನುವಾರ ಹೋದೆ. ತಣಿಸಂದ್ರದ ಒಳರಸ್ತೆಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಮನೆ. ಸೊಸೆ ಬಾಗಿಲು ತೆರೆದು, ಯಾರೋ ಬಂದು ನಿಂತಿದ್ದಾರೆ ಎಂದು ದಖ್ನಿಯಲ್ಲಿ ಒಳಗೆ ಕೂಗಿದಳು, "ಅಮ್ಮೀ, ಕೋನ್‌ಕೀ ಆಕೋ ಖಡೇ." ನೂರಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. ಅಕ್ಕಿ ಆರಿಸುತ್ತಿದ್ದರಂತೆ, ಮೊರ ತಂದು ನನ್ನ ಎದುರೇ ಕೂತು ಆರಿಸಿದರು. ನೋಟ್‌ಬುಕ್ ಕೊಟ್ಟೆ. ಕೊನೆಯ ಪುಟ ತೆಗೆದು ನೋಡಿದರು. ತಾರೀಕು, ಮುಂದೆ ಖಾಲಿ.

"ಆವತ್ತು ಆ ಮೇಡಂ ಕೇಳ್ದಾಗ, ಚಿಲಕ ಯಾಕೆ ಅಂತ ನಿಮ್ಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಆ ಟೈಮಲ್ಲಿ ಮರ್ತೋಯ್ತಾ?"

ತಪ್ಪಿಸಿಕೊಳ್ಳಲು ದಾರಿ ತೋರಿಸುತ್ತಿದ್ದರು. ಹೌದು ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದರು.

"ಇಲ್ಲ," ಎಂದೆ.

"ಹ್ಞೂಂ." ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. "ಚೈತ್ರಾ ಎಲ್ಲಿದಾಳೆ?"

"ಬೇರೆ ಶಾಲೆಗೆ ಹೋದ್ಲು. ಚಿಕ್ಕಜಾಲದ ಹತ್ರ ಮನೆ ಮಾಡಿದಾರಂತೆ. ಈಗ ಏಳನೇ ಕ್ಲಾಸಿರ್ಬೇಕು."

"ಓದ್ತಾಳಾ?"

"ಆ ವರ್ಷದ ಕೊನೇಲಿ ಹಂತ ಎರಡು ಅಂತ ವರದಿ ಇತ್ತು."

"ಹಂತ ಗಿಂತ ನಂಗೊತ್ತಾಗಲ್ಲಮ್ಮ. ಓದ್ತಾಳಾ ಅಂತ ಕೇಳ್ದೆ."

ನನ್ನ ಬಳಿ ಎಲ್ಲದಕ್ಕೂ ಉತ್ತರ ಇರುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು.

"ಗೊತ್ತಿಲ್ಲ," ಎಂದೆ.

ನೂರಮ್ಮ ನೋಟ್‌ಬುಕ್ ಮುಚ್ಚಿ, ಮೇಲಿದ್ದ ಅಕ್ಕಿ ಹುಡಿ ಊದಿ, ನನ್ನ ತೊಡೆಯ ಮೇಲಿಟ್ಟರು. "ಇದು ನಂಗ್ಯಾಕೆ? ಆ ಸಾಲು ತುಂಬಿಸ್ಕೊಂಡು ತನ್ನಿ. ಆಮೇಲೆ ಇಟ್ಕೋತೀನಿ." ಚಹಾ ಕೊಟ್ಟರು. ಸೊ‌ಸೆ ಬಿಸ್ಕತ್ತು ತಂದಿಟ್ಟಳು. ತಿಂದೆ.

ಎಂಟು ತಿಂಗಳಾಯಿತು. ಚಿಕ್ಕಜಾಲದ ಕಡೆ ಎರಡು ಶಾಲೆಗಳ ಗೇಟಿನಲ್ಲಿ ವಿಚಾರಿಸಿದ್ದೇನೆ. ಒಂದರಲ್ಲಿ, ಹೊರಗಿನವರಿಗೆ ಮಕ್ಕಳ ವಿವರ ಕೊಡುವಂತಿಲ್ಲ ಎಂದರು. ಸರಿಯಾಗಿಯೇ ಹೇಳಿದರು, ಅವರ ನೀತಿ ಬರೆದುಕೊಟ್ಟವಳು ನಾನು. ಹುಡುಕುತ್ತಿದ್ದೇನೆ ಎಂದು ಇಲ್ಲಿ ಬರೆದುಬಿಡಬಹುದು, ಆದರೆ ಎರಡು ಗೇಟು ಅದಕ್ಕೆ ಸಾಕ್ಷ್ಯವಾಗುವುದಿಲ್ಲ.

ಮೊನ್ನೆ ಅಂಗಡಿಯಲ್ಲಿ ಯಂತ್ರ ಕಾಯಿತು. ಈ ಸಲ ಮುದ್ರೆಗೆ ಅರ್ಜಿ ಹಾಕಿರುವ ಶಾಲೆಯ ಕೊಠಡಿ ಫಲಕಗಳು ಒಂದೊಂದಾಗಿ ಒಳಗೆ ಹೋಗಿ ಹೊಳೆಯುತ್ತಾ ಹೊರಬಂದವು. ಮಳೆ ಇರಚಲು ಒಳಗೆ ಬರುತ್ತಿತ್ತು. ಚೀಲದಿಂದ ಹಾಳೆ ತೆಗೆಯುವಾಗ ನೋಟ್‌ಬುಕ್ಕೂ ಜೊತೆಗೆ ಬಂದು ಕೌಂಟರಿನ ಮೇಲೆ ಬಿತ್ತು, ಕೊನೆಯ ಪುಟ ತೆರೆದುಕೊಂಡಿತು. ಅಂಗಡಿಯವನು ಇಣುಕಿದ.

"ಹಳೇ ರೆಕಾರ್ಡಾ ಮೇಡಂ? ಒದ್ದೆ ಆಗುತ್ತೆ, ಈ ಪೇಜೂ ಲ್ಯಾಮಿನೇಷನ್ ಮಾಡ್ಕೊಡ್ಲಾ?"

"ಬೇಡ. ಅದ್ರಲ್ಲಿ ಇನ್ನೊಂದ್ ಹೆಸ್ರು ಬರೆಯೋದಿದೆ."

"ಹಂಗಾದ್ರೆ ಮಾಡ್ಲೇಬಾರ್ದು," ಎಂದು ನೋಟ್‌ಬುಕ್ಕನ್ನು ಒಣಗಿದ ಕಡೆಗೆ ಸರಿಸಿಟ್ಟ. "ಮಾಡಿದ್ಮೇಲೆ ಪೆನ್ನು ಹತ್ತಲ್ಲ."